ಒಬ್ಬರೇ ಶೋಭತ್ತೆ, ಎರಡು ಸಾಲು

ತಂಗಿಯ ಮದುವೆಗೆ ಕರೆಯಬೇಕಾದವರ ಪಟ್ಟಿ ನೋಟುಬುಕ್ಕಿನಲ್ಲೇ ಇರಲಿ ಎಂದು ಅಮ್ಮ ಹೇಳಿದ್ದರೂ, ಪ್ರೋಗ್ರಾಮರ್ ಎಂಬ ಹಮ್ಮಿನಿಂದ ನಾನು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಮನೆಮಂದಿ ಬೇರೆ ಬೇರೆ ಕಡೆ ಟೈಪ್ ಮಾಡಿದ್ದ ಕಡತಗಳನ್ನು ಒಂದುಗೂಡಿಸಿ, ಎರಡೆರಡು ಸಲ ಬಂದ ಹೆಸರುಗಳನ್ನು ತೆಗೆಯುವುದು ಅದರ ಕೆಲಸ. ಆದರೂ ಶೋಭತ್ತೆ ಎರಡು ಸಾಲುಗಳಲ್ಲಿ ಉಳಿದರು. (ನೋಟುಬುಕ್ಕಿನಲ್ಲಿ ಅವರು ಒಬ್ಬರೇ ಇದ್ದರೆಂಬುದನ್ನು ಅಮ್ಮ ನೆನಪಿಸದೆ ಬಿಡಲಿಲ್ಲ.)

ಕಣ್ಣಿಗೆ ಎರಡೂ ‘ಶೋಭಾ’ ಒಂದೇ. ಉದ್ದ ಎಣಿಸಿದಾಗ ಮಾತ್ರ ಒಂದರಲ್ಲಿ 4, ಇನ್ನೊಂದರಲ್ಲಿ 6 ಸಂಕೇತಗಳು ಕಂಡವು. ‘ಶೋ’ದಲ್ಲಿರುವ ಓಕಾರದ ಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಅಥವಾ ನಾವು ಕೈಯಲ್ಲಿ ಬರೆಯುವಂತೆಯೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಕೀ, ಕೇ, ಕೈ, ಕೊಗಳ ಚಿಹ್ನೆಗಳಿಗೂ ಇಂಥ ಇಬ್ಬಗೆಯ ರೂಪವಿದೆ. ಆದರೆ ಕೌಗೆ ಇಲ್ಲ.

ಪರಿಹಾರ ಒಂದೇ ಸಾಲಿನದು: ಹೋಲಿಸುವ ಮೊದಲು ಪ್ರತಿ ಹೆಸರನ್ನೂ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಮೂಲಕ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ, ತಂದೆ.

ರಾಜ್‌ಕುಮಾರ್ ಮಾವ ಆಗಲೂ ಇಬ್ಬರಾಗಿಯೇ ಉಳಿದರು. ಒಂದು ಸಾಲಿನಲ್ಲಿ ಅವರ ಹೆಸರಿನ ನಡುವೆ, ‘ಜ್’ಗೆ ಒತ್ತಕ್ಷರ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದಿತ್ತು, ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೋಲಿಕೆಗೆಂದು ಮಾಡಿದ ಪ್ರತಿಯಿಂದಷ್ಟೇ ಅದನ್ನು ತೆಗೆದೆ, ಏಕೆಂದರೆ ಮೂಲದಿಂದಲೇ ತೆಗೆದಿದ್ದರೆ ಲಗ್ನಪತ್ರಿಕೆಯ ಮೇಲೆ ಅವರು ‘ರಾಜ್ಕುಮಾರ್’ ಆಗುತ್ತಿದ್ದರು.