ಅನಾಥಾಲಯ ಬೇಡ, ಅಜ್ಜಿಯ ಮನೆ ಸಾಕು: ಪಶ್ಚಿಮ ಕೀನ್ಯಾದ ಶಾಲೆಗಳಲ್ಲಿ ನಮ್ಮ ಅನುಭವ

ಆಫ್ರಿಕಾದ ಅನಾಥ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಮುಂದೆ ಬರುವ ಕನ್ನಡಿಗರು, ನೈರೋಬಿಯವರಿರಲಿ ಬೆಂಗಳೂರಿನವರಿರಲಿ, ಮೊದಲು ಕೇಳುವುದು ಒಂದೇ: "ಒಂದು ಅನಾಥಾಲಯ ಕಟ್ಟಿಸೋಣವೇ?" ಸಿಯಾಯಾ, ಹೋಮಾ ಬೇ ಕಡೆ ಕೆಲಸ ಮಾಡುವ ನಾವು ಬೇಡ ಅನ್ನುತ್ತೇವೆ. ವಿಕ್ಟೋರಿಯಾ ಸರೋವರದ ಸುತ್ತಿನ ಈ ಊರುಗಳಲ್ಲಿ ಎಚ್‌ಐವಿ ಎಷ್ಟೋ ಮನೆಗಳ ಅಪ್ಪ ಅಮ್ಮಂದಿರನ್ನು ಕೊಂಡೊಯ್ದಿದೆ. ಆದರೂ ಬಹುಪಾಲು ಮಕ್ಕಳು ದಿಕ್ಕಿಲ್ಲದೆ ಬಿದ್ದಿಲ್ಲ. ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಯಾರಾದರೊಬ್ಬರು ಇಟ್ಟುಕೊಂಡಿದ್ದಾರೆ. ಪಕ್ಕದಲ್ಲೇ ಅನಾಥಾಲಯ ಎದ್ದರೆ, ಅಲ್ಲಿ ಊಟವೂ ಓದೂ ಸಿಗುತ್ತದೆ ಅಂತ ಆ ಮನೆಯವರೇ ಮಗುವನ್ನು ತಂದು ಬಿಡುತ್ತಾರೆ. ಕೀನ್ಯಾ ಸರ್ಕಾರ ಹೊಸ ಮಕ್ಕಳ ಧಾಮಗಳ ನೋಂದಣಿಯನ್ನು 2017ರಲ್ಲೇ ನಿಲ್ಲಿಸಿತು. ಮಕ್ಕಳನ್ನು ಸಂಸ್ಥೆಗಳಿಂದ ಮನೆಗೆ ಮರಳಿಸುವ 2022–2032ರ ಕಾರ್ಯತಂತ್ರವೂ ಜಾರಿಯಲ್ಲಿದೆ. ಹಾಗಾಗಿ ದುಡ್ಡು ಹೋಗಬೇಕಾದದ್ದು ಎರಡೇ ಕಡೆ: ಮಗು ಮಲಗುವ ಮನೆಗೆ ಮತ್ತು ಅದು ಓದುವ ಶಾಲೆಗೆ.

ಯಾವ ಮಗುವಿಗೆ ಸಹಾಯ ಅನ್ನುವುದನ್ನು ಒಬ್ಬರ ಮಾತಿನ ಮೇಲೆ ತೀರ್ಮಾನಿಸಬಾರದು. ಅಸಿಸ್ಟೆಂಟ್ ಚೀಫ್ (ಊರ ಮಟ್ಟದ ಸರ್ಕಾರಿ ಅಧಿಕಾರಿ) ಮತ್ತು ಊರ ಹಿರಿಯರಿಂದ ಒಂದು ಪಟ್ಟಿ, ತರಗತಿಯ ಶಿಕ್ಷಕರಿಂದ ಒಂದು, ಆರೋಗ್ಯ ಕಾರ್ಯಕರ್ತೆಯಿಂದ ಇನ್ನೊಂದು ತೆಗೆದುಕೊಳ್ಳುತ್ತೇವೆ. ಈ ಕಾರ್ಯಕರ್ತೆಯರು ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆ ತಿರುಗುವವರು. ಮೂವರಿಗೂ ಇತರರ ಪಟ್ಟಿ ತೋರಿಸುವುದಿಲ್ಲ. ಎರಡು ಕಡೆ ಬಂದ ಹೆಸರು ನೇರ ಒಳಕ್ಕೆ, ಒಂದೇ ಕಡೆ ಬಂದಿದ್ದರೆ ಮನೆಗೆ ಹೋಗಿ ನೋಡುವುದು. ಹಿರಿಯರ ಪಟ್ಟಿಯಲ್ಲಿ ಅವರ ನೆಂಟರ ಮಕ್ಕಳು ಸೇರಿರುತ್ತಾರೆ. ತಾಯಿ ಬದುಕಿದ್ದೂ ಹಾಸಿಗೆ ಹಿಡಿದಿರುವ ಮನೆಯ ಮಗು ಮಾತ್ರ ಆರೋಗ್ಯ ಕಾರ್ಯಕರ್ತೆಯ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಚೀಫ್ ಕರೆಯುವ ಬರಾಜಾ ಸಭೆಯಲ್ಲಿ ಆಯ್ಕೆಯ ನಿಯಮಗಳನ್ನಷ್ಟೇ ಓದಿ ಹೇಳಬೇಕು. ಹೆಸರು ಓದಿದರೆ ಯಾರ ಮನೆಯಲ್ಲಿ ಯಾವ ಕಾಯಿಲೆಯಿಂದ ಸತ್ತರು ಅನ್ನುವುದನ್ನು ಊರಿಗೇ ಸಾರಿದಂತೆ.

ಹೆಸರು ಸಿಕ್ಕ ಮೇಲೆ ಪುಸ್ತಕ, ಚೀಲ ಕೊಡಿಸಲು ಅವಸರ ಬೇಡ. ಮೊದಲು ಜನನ ಪ್ರಮಾಣಪತ್ರ. ಕೀನ್ಯಾದಲ್ಲಿ ಪ್ರಾಥಮಿಕ ಶಿಕ್ಷಣ 2003ರಿಂದ ಉಚಿತ, ಶಾಲೆಗೆ ಸರ್ಕಾರ ತಲಾ ಇಂತಿಷ್ಟು ಅನುದಾನ ಕೊಡುತ್ತದೆ. ಆ ಅನುದಾನಕ್ಕೂ 6ನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯ ನೋಂದಣಿಗೂ ಈ ಪತ್ರ ಬೇಕು. ಪತ್ರವಿಲ್ಲದ ಮಗು ತರಗತಿಯಲ್ಲಿ ಕೂತಿದ್ದರೂ ಲೆಕ್ಕಕ್ಕೆ ಬರುವುದಿಲ್ಲ, ಮುಖ್ಯೋಪಾಧ್ಯಾಯರಿಗೂ ಅದು ಹೊರೆಯೇ. ಮನೆಯಲ್ಲಿ ಹುಟ್ಟಿ, ತಾಯಿಯೂ ತೀರಿಕೊಂಡಿದ್ದರೆ ತಡ ನೋಂದಣಿ ಮಾಡಿಸಬೇಕು. ಲಸಿಕೆಯ ಪುಸ್ತಕ, ಚರ್ಚಿನ ದೀಕ್ಷಾಸ್ನಾನದ ಚೀಟಿ, ಶಾಲೆಯ ಪತ್ರ, ತಾಯಿಯ ಗುರುತಿನ ಚೀಟಿಯ ಪ್ರತಿ, ಮರಣ ಪ್ರಮಾಣಪತ್ರ ಅಥವಾ ಹೂಳಲು ಕೊಟ್ಟ ಅನುಮತಿ ಪತ್ರ, ಅಸಿಸ್ಟೆಂಟ್ ಚೀಫ್ ಅವರ ಪತ್ರ, ಇವುಗಳಲ್ಲಿ ಸಿಕ್ಕಿದ್ದೆಲ್ಲ ಒಂದು ಕವರಿನಲ್ಲಿರಲಿ. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ. ಚರ್ಚಿನ ಚೀಟಿಯಲ್ಲಿ ಅಕಿನ್ಯಿ ಎಂಬ ಹೆಸರು ಮೊದಲಿಗೆ, ಹಾಜರಿ ಪುಸ್ತಕದಲ್ಲಿ ಕೊನೆಗೆ, ಲಸಿಕೆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅರ್ಜಿ ಹಾಕುವ ಮುಂಚೆಯೇ ಮನೆಯವರ ಜೊತೆ ಕೂತು ಒಂದು ಹೆಸರು, ಒಂದು ಕಾಗುಣಿತ ಗೊತ್ತುಮಾಡಿಕೊಂಡು, ಶಾಲೆಯ ದಾಖಲೆಯನ್ನು ಅದಕ್ಕೆ ಸರಿಪಡಿಸಿಕೊಳ್ಳಬೇಕು. 6ನೇ ತರಗತಿಯ ತನಕ ಕಾದರೆ ಸಮಯ ಸಾಲದು. 3 ಅಥವಾ 4ನೇ ತರಗತಿಯಲ್ಲೇ ಮುಗಿಸಿಬಿಡಿ.

ಇನ್ನು ಊಟ. ನಮ್ಮ ಖರ್ಚಿನ ದೊಡ್ಡ ಪಾಲು ಇದಕ್ಕೇ, ಅದರಲ್ಲಿ ಎರಡನೇ ಮಾತಿಲ್ಲ. ಬಿಸಿಯೂಟ ಕಂಡ ನಮಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಒಂದೇ ನಿಯಮ: ಹಾಕಿದರೆ ಇಡೀ ಶಾಲೆಗೆ ಹಾಕಬೇಕು. ಅನಾಥ ಮಕ್ಕಳಿಗಷ್ಟೇ ತಟ್ಟೆ ಕೊಟ್ಟರೆ ಆ ಮಕ್ಕಳು ನಾಚಿಕೆಯಿಂದಲೇ ಶಾಲೆ ಬಿಡುತ್ತಾರೆ.

ಇಲ್ಲಿಯ ಶಾಲೆಗಳ ಊಟವೆಂದರೆ ಗಿಥೇರಿ, ಮುಸುಕಿನ ಜೋಳದ ಕಾಳು ಮತ್ತು ಬೀನ್ಸ್ ಕಾಳು ಕೂಡಿಸಿ ಬೇಯಿಸಿದ್ದು. ಮಗುವಿಗೆ ಜೋಳ 150 ಗ್ರಾಂ, ಬೀನ್ಸ್ 40 ಗ್ರಾಂ, ಎಣ್ಣೆ 5 ಗ್ರಾಂ, ಜೊತೆಗೆ ಉಪ್ಪು. 200 ಮಕ್ಕಳ ಶಾಲೆಗೆ ದಿನಕ್ಕೆ 30 ಕಿಲೋ ಜೋಳ, 8 ಕಿಲೋ ಬೀನ್ಸ್, 1 ಕಿಲೋ ಎಣ್ಣೆ. 62 ಶಾಲಾ ದಿನಗಳ ಒಂದು ಅವಧಿಗೆ (ಟರ್ಮ್) 1,860 ಕಿಲೋ ಜೋಳ, ಅಂದರೆ 90 ಕಿಲೋದ ಸುಮಾರು 21 ಚೀಲ. ಬೀನ್ಸ್ ಐದೂವರೆ ಚೀಲ. ಕಲ್ಲು, ಹುಳುಕು ಆರಿಸಿದಾಗ ಹೋಗುವುದಕ್ಕೆ ನೂರಕ್ಕೆ ಐದರಷ್ಟು ಹೆಚ್ಚು ತನ್ನಿ. ಕೊಳ್ಳುವ ಹೊತ್ತೂ ಮುಖ್ಯ. ಮೇ ತಿಂಗಳಿಂದ ಹೊಸ ಬೆಳೆ ಬರುವ ತನಕ ಬೆಲೆ ಏರುತ್ತದೆ. ಕಿಟಾಲೆ ಕಡೆಯ ಬೆಳೆ ವರ್ಷದ ಕೊನೆಗೆ ಪೇಟೆಗೆ ಬಂದಾಗ ಮುಂದಿನ ಎರಡು ಅವಧಿಗೂ ಕೊಂಡಿಟ್ಟರೆ ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಕೊಂಡಿಡುವುದರಲ್ಲೇ ಅಪಾಯವೂ ಇದೆ. ಸರಿಯಾಗಿ ಒಣಗದ ಜೋಳಕ್ಕೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. 2004ರಲ್ಲಿ ಪೂರ್ವ ಕೀನ್ಯಾದಲ್ಲಿ ಇಂಥ ಜೋಳ ತಿಂದು 125 ಜನ ಸತ್ತರು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ತೇವಾಂಶ ಶೇ 13.5 ಮೀರಿರಬಾರದು. ಮೀಟರ್ ಇಲ್ಲದ ಕಡೆ ಉಪ್ಪಿನ ಪರೀಕ್ಷೆ ಮಾಡುತ್ತೇವೆ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಜೋಳ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಒಂದು ಹಿಡಿ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ, ಕಾಲು ಗಂಟೆ ಬಿಡಬೇಕು. ಬಾಟಲಿಯ ಒಳಮೈಗೆ ಉಪ್ಪು ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚು, ಆ ಚೀಲ ವಾಪಸ್. ಅಂಟದಿದ್ದರೂ ಟಾರ್ಪಾಲಿನ ಮೇಲೆ ಮತ್ತೆ ಬಿಸಿಲು ಕಾಣಿಸುವುದು ಒಳ್ಳೆಯದು, ಏಕೆಂದರೆ ಈ ಪರೀಕ್ಷೆಗೆ 13.5ಕ್ಕೂ 15ಕ್ಕೂ ನಡುವಿನದು ತಿಳಿಯುವುದಿಲ್ಲ. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಮಾದರಿ ತೆಗೆಯಿರಿ. ಮೇಲಷ್ಟೇ ಒಣಕಲು ತುಂಬಿ ಕೊಡುವ ವ್ಯಾಪಾರಿಗಳಿದ್ದಾರೆ. ಒಳಗೆ ಎರಡು ಪದರ ಪ್ಲಾಸ್ಟಿಕ್ ಇರುವ ಗಾಳಿಯಾಡದ ಚೀಲಗಳಲ್ಲಿ ತುಂಬಿ, ಗಾಳಿ ಹಿಂಡಿ, ಪ್ರತಿ ಪದರವನ್ನೂ ಬೇರೆಬೇರೆ ಕಟ್ಟಿದರೆ ಹುಳು ಉಸಿರುಗಟ್ಟಿ ಸಾಯುತ್ತವೆ, ಔಷಧಿ ಬೇಕಿಲ್ಲ. ಆದರೆ ಈ ಚೀಲ ಹಸಿ ಜೋಳವನ್ನು ಒಣಗಿಸುವುದಿಲ್ಲ, ಇನ್ನಷ್ಟು ಕೊಳೆಸುತ್ತದೆ. ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ಇಲಿ ಒಂದು ತೂತು ಮಾಡಿದರೂ ಚೀಲದ ಕೆಲಸ ಮುಗಿದಂತೆ.

ಜೋಳ, ಬೀನ್ಸ್ ಎರಡನ್ನೂ ಹಿಂದಿನ ಸಂಜೆಯೇ ನೆನೆಹಾಕಿದರೆ ಸೌದೆಯೂ ಹೊತ್ತೂ ಉಳಿಯುತ್ತವೆ. ನೆನೆಸಿದ ನೀರು ಚೆಲ್ಲಿ ಹೊಸ ನೀರಿಡಬೇಕು. ಕೆಂಪು ಬೀನ್ಸ್ ಕಡಿಮೆ ಬೆಂದರೆ ಮಕ್ಕಳಿಗೆ ವಾಂತಿ ಶುರುವಾಗುತ್ತದೆ, ಆದ್ದರಿಂದ ಮೊದಲ ಹತ್ತು ನಿಮಿಷವಾದರೂ ಕೊತಕೊತ ಕುದಿಯಲೇಬೇಕು. ಬೇಗ ಮೆತ್ತಗಾಗಲಿ ಅಂತ ಕೀನ್ಯಾದ ಮಾಗಾಡಿ ಸರೋವರದ ಸೋಡಾ ಹಾಕುವುದು ರೂಢಿ. ಅದರಿಂದ ಬಿ ಜೀವಸತ್ವ ಹಾಳಾಗುತ್ತದೆ. ಅಡುಗೆಯವರಿಗೆ ಹೇಳಿ ಬಿಡಿಸಿದ್ದೇವೆ, ಬದಲಿಗೆ ಒಣ ಸೌದೆ ಸಿಗುವಂತೆ ನೋಡಿಕೊಳ್ಳುತ್ತೇವೆ.

ಶಿಶುವಿಹಾರದ ಪುಟ್ಟ ಮಕ್ಕಳಿಗೆ ಬೆಳಗ್ಗೆ ಉಜಿ, ಅಂದರೆ ರಾಗಿ ಗಂಜಿ. ರಾಗಿ ಪೂರ್ವ ಆಫ್ರಿಕಾದ್ದೇ ಬೆಳೆ, ಕಿಸಿ ಕಡೆ ಧಾರಾಳವಾಗಿ ಸಿಗುತ್ತದೆ. 25 ಮಕ್ಕಳಿಗೆ 1 ಕಿಲೋ ಹಿಟ್ಟು, 8 ಲೀಟರ್ ನೀರು. ಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಕುದಿವ ನೀರಿಗೆ ಬಿಡಬೇಕು. ನೆಲದ ಮೇಲೆ ಬಡಿದ ರಾಗಿಯಲ್ಲಿ ಮಣ್ಣು, ಹರಳು ಇರುತ್ತವೆ. ತೊಳೆದು ಒಣಗಿಸಿ ಬೀಸಿಸದಿದ್ದರೆ ಮಕ್ಕಳು ಬಾಯಿಗೇ ಇಡುವುದಿಲ್ಲ.

ಸಮವಸ್ತ್ರವನ್ನು ಹೊರಗಿನಿಂದ ತರಬೇಡಿ, ಊರಿನ ದರ್ಜಿಗೇ ಕೊಡಿ. ಅಂಚು ಮಡಿಚಿ ಹೊಲಿಸಿದರೆ ಬೆಳೆಯುವ ಮಗುವಿಗೆ ಇನ್ನೊಂದು ವರ್ಷ ಬರುತ್ತದೆ. ಹೆಣ್ಣುಮಕ್ಕಳಿಗೆ ತೊಳೆದು ಬಳಸುವ ಪ್ಯಾಡ್ ಕೊಟ್ಟರೆ ಸಾಲದು, ಒಳ ಉಡುಪು, ಸೋಪು, ಒಳಗಿನಿಂದ ಚಿಲಕ ಹಾಕುವ ಶೌಚಾಲಯ, ನೀರು ಎಲ್ಲವೂ ಬೇಕು. ನೀರಿಗೆ ಚಾವಣಿಯ ಮಳೆನೀರೇ ಸುಲಭ. 100 ಚದರ ಮೀಟರ್ ತಗಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 80 ಲೀಟರ್ ಕೈಗೆ ಬರುತ್ತದೆ.

ದುಡ್ಡು ನಗದಾಗಿ ಯಾರ ಕೈಗೂ ಕೊಡುವುದಿಲ್ಲ. ಶಾಲೆಯ ಪಾಲು ಶಾಲೆಯ ಬ್ಯಾಂಕ್ ಖಾತೆಗೆ, ದರ್ಜಿ ಮತ್ತು ಜೋಳದ ವ್ಯಾಪಾರಿಗೆ ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾದಲ್ಲಿ. ಪ್ರತಿ ಪಾವತಿಯ ಸಂದೇಶದ ಸಂಖ್ಯೆಯನ್ನು ರಸೀದಿಯ ಮೇಲೆ ಬರೆಯುತ್ತೇವೆ. ಉಗ್ರಾಣದ ಪುಸ್ತಕ ಶಿಕ್ಷಕರ ಬಳಿ, ಬೀಗದ ಕೈ ಪೋಷಕರೊಬ್ಬರ ಬಳಿ. ದಿನವೂ ಕಾಳು ತೂಗಿ ಕೊಡುವಾಗ ಹಾಜರಾದ ಮಕ್ಕಳ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆದರೆ ಸೋರಿಕೆ ವಾರದೊಳಗೆ ಗೊತ್ತಾಗುತ್ತದೆ.

ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ ಹಾಕಿಸುವ ನಮ್ಮವರ ಪದ್ಧತಿ ಇಲ್ಲೂ ಉಪಯೋಗಕ್ಕೆ ಬರುತ್ತದೆ, ಆ ದುಡ್ಡು ಅವಧಿಯ ಜೋಳದ ಲೆಕ್ಕಕ್ಕೆ ಸೇರಿದರೆ. ಪ್ರತಿಯಾಗಿ ಮಗುವಿನ ಫೋಟೊ ಕೇಳಬೇಡಿ. ಕೀನ್ಯಾದ 2019ರ ದತ್ತಾಂಶ ರಕ್ಷಣಾ ಕಾಯ್ದೆಯಂತೆ ಮಗುವಿನ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಮತ್ತು ಅನ್ನ ಕೊಟ್ಟವರು ಕೇಳಿದಾಗ ಅಜ್ಜಿ ಇಲ್ಲ ಅನ್ನಲಾರಳು.

ಮಕ್ಕಳ ಸಂಖ್ಯೆ ಹೆಚ್ಚಿಸುವ ಮುಂಚೆ 10ನೇ ತರಗತಿಯ ಖರ್ಚಿನ ಲೆಕ್ಕ ಹಾಕಿ. ಅಲ್ಲಿಯ ತನಕ ಊರ ಶಾಲೆ ಸಾಕು. 10ರಿಂದ 12ನೇ ತರಗತಿಯ ಹಿರಿಯ ಪ್ರೌಢಶಾಲೆ ದೂರವಾದರೆ ವಸತಿ, ಹಾಸಿಗೆ, ಪೆಟ್ಟಿಗೆ, ಬಸ್ಸಿನ ದುಡ್ಡು ಒಟ್ಟಿಗೇ ಬೀಳುತ್ತವೆ. ಆ ಮೂರು ವರ್ಷದ ಹಣವನ್ನು ಪ್ರತಿ ಮಗುವಿಗೂ 7ನೇ ತರಗತಿಯಿಂದಲೇ ಬೇರೆ ಖಾತೆಯಲ್ಲಿ ತೆಗೆದಿಡುತ್ತೇವೆ. ಖಾತೆಯಲ್ಲಿ ಅಷ್ಟು ಇಲ್ಲದ ವರ್ಷ ಹೊಸ ಹೆಸರು ಸೇರಿಸುವುದಿಲ್ಲ.