ಮನೆತನದ ಕಬ್ಬಿಣದ ಕಾರ್ಖಾನೆಯ ಚರಿತ್ರೆ ಬರೆಯುವ ಬಗೆ

ಅಜ್ಜ ಹೂಡಿದ ಕುಲುಮೆ ಮೊಮ್ಮಕ್ಕಳ ಕಾಲಕ್ಕೆ ಕಾರ್ಖಾನೆಯಾಗಿ ಬೆಳೆದಿರುವ ಮನೆತನದವರು ಅದರ ಚರಿತ್ರೆಯನ್ನು ಬರೆಯಲು ಕುಳಿತಾಗ ವಂಶಾವಳಿಯಿಂದ ತೊಡಗದೆ, ಅಲ್ಲಿ ಮೊದಲು ತಯಾರಾದ ವಸ್ತುವಿನಿಂದ ತೊಡಗಬೇಕು. ಅದನ್ನು ಯಾರು ಕೊಂಡರು, ಯಾರು ಬೇಡವೆಂದರು, ಏಕೆ ಬೇಡವೆಂದರು ಎಂದು ಕೇಳುತ್ತ ಹೋದರೆ ಊರು, ಕಾಲ, ಕಸುಬು ತಾವಾಗಿಯೇ ಬರಹದೊಳಕ್ಕೆ ಬರುತ್ತವೆ.

ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಇಟ್ಟ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ನಂಬಿದ್ದರಿಂದ ಆ ನೇಗಿಲುಗಳು ಎರಡು ವರ್ಷ ಮಾರಾಟವಾಗದೆ ಉಳಿದವು. ಸ್ಮರಣ ಸಂಚಿಕೆಗಳು ಇಂಥ ಸೋಲನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಸಲ್ಲಬೇಕು. ಸ್ಥಳ ಬದಲಾದಾಗಲೂ ಕಾರಣವನ್ನು ಬರೆಯಿರಿ: ಬೆಳಗಾವಿಯ ಜಾಗ ಊರಿನ ವಿಸ್ತರಣೆಗೆ ಹೋದುದರಿಂದಲೇ, ಈಗ ಮಹಾರಾಷ್ಟ್ರಕ್ಕೆ ಸೇರಿದ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಎದ್ದಿತು.

ಕಿರ್ದಿ, ಖಾತೆ, ದರಪಟ್ಟಿಗಳನ್ನು ವರ್ಷವಾರು ಜೋಡಿಸಿಕೊಳ್ಳಿ. ಆದರೆ ಎರಕದ ಕಾರ್ಖಾನೆಯಲ್ಲಿ ಅವುಗಳಿಗಿಂತ ಹೆಚ್ಚು ಹೇಳುವುದು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರುವ ಮರದ ಪ್ಯಾಟರ್ನ್‌ಗಳು. ಮರಳಿನಲ್ಲಿ ಅಚ್ಚು ಮೂಡಿಸಲು ಬಳಸಿದ ಆ ಮಾದರಿಗಳ ಮೇಲೆ ಮೆತ್ತಿದ ಮೇಣ, ಹೊಸದಾಗಿ ಅಂಟಿಸಿದ ಚೂರು, ಕೆತ್ತಿ ತೆಗೆದ ಅಂಚು, ಇವೆಲ್ಲ ವಿನ್ಯಾಸ ಹೇಗೆ ತಿದ್ದಿಕೊಂಡಿತೆಂಬುದರ ದಾಖಲೆಗಳು. ಬೀಡು ಕಬ್ಬಿಣ ತಣಿಯುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ ಪ್ಯಾಟರ್ನ್ ಸಿದ್ಧವಸ್ತುವಿಗಿಂತ ತುಸು ದೊಡ್ಡದಾಗಿರುತ್ತದೆ. ಅಳತೆ ಬರೆದುಕೊಳ್ಳುವಾಗ ಇದು ನೆನಪಿರಲಿ. ಪ್ರತಿಯೊಂದರ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ದಯವಿಟ್ಟು ಒಂದನ್ನೂ ಸೌದೆಗೆ ಹಾಕಬೇಡಿ.

ಹಳೆಯ ಎರಕದವರನ್ನು ಕಚೇರಿಯ ಕುರ್ಚಿಯಲ್ಲಿ ಕೂರಿಸಿ ಪ್ರಶ್ನಿಸುವುದಕ್ಕಿಂತ, ಅವರು ಕೆಲಸ ಮಾಡಿದ ಜಾಗಕ್ಕೇ ಕರೆದೊಯ್ದು ಆ ಪ್ಯಾಟರ್ನ್‌ಗಳನ್ನು ಅವರ ಕೈಗೆ ಕೊಡಿ. ಅವರು ಹೇಳಿದ ವರ್ಷವನ್ನು ಬಟವಾಡೆ ಪುಸ್ತಕದೊಡನೆ ತಾಳೆ ನೋಡಿ, ಹೊಂದದಿದ್ದರೆ ಎರಡನ್ನೂ ದಾಖಲಿಸಿ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೋಹವನ್ನು ಕಡೆಯುವ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಂಪನಿ ಈಗ ಮುಚ್ಚಿಹೋಗಿದೆ. ಬಾಗಿಲು ಹಾಕಿದ ಕಾರ್ಖಾನೆಯ ಸಾಮಾನು ಗುಜರಿಗೆ ಹೋಗಲು ಹೆಚ್ಚು ದಿನ ಬೇಕಾಗುವುದಿಲ್ಲವಾದ್ದರಿಂದ, ಪ್ಯಾಟರ್ನ್‌ಗಳ ಪಟ್ಟಿಯನ್ನು ಕುಲುಮೆ ಇನ್ನೂ ಉರಿಯುತ್ತಿರುವಾಗಲೇ ಮುಗಿಸಿಕೊಳ್ಳಿ.