ಕಾಫಿ ಹೂವಿನ ಫೋಟೊದಲ್ಲಿ ಅಡಗಿದ್ದ ಗುರುತನ್ನು ಹೊರತೆಗೆದ ಬಗೆ

ನಾನು ಕೊಡಗಿನಲ್ಲಿ ತೆಗೆಯುವ ಫೋಟೊಗಳಲ್ಲಿ ಹೆಚ್ಚು ಕಳುವಾಗುವುದು ಎರಡು ಬಗೆಯವು: ಮಾಂದಲಪಟ್ಟಿಯ ಮಂಜು, ಹೂಮಳೆ ಬಿದ್ದ ಮೇಲೆ ಅರಳಿ ನಿಂತ ಕಾಫಿ ತೋಟ. ಮೂಲೆಯಲ್ಲಿ ಹೆಸರು ಹಾಕಿದರೆ ಕತ್ತರಿಸಿಬಿಡುತ್ತಾರೆ. ಫೈಲಿನೊಳಗಿನ ಎಕ್ಸಿಫ್ ಮಾಹಿತಿ (ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬಂಥ ವಿವರ) ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಹೋದೊಡನೆ ಅಳಿಯುತ್ತದೆ. ಅದಕ್ಕಾಗಿ ಚಿತ್ರ ನನ್ನದೆಂದು ತೋರಿಸುವ, ಕಣ್ಣಿಗೆ ಕಾಣದ ಗುರುತು, ಅಂದರೆ ವಾಟರ್‌ಮಾರ್ಕ್ ಸೇರಿಸಿಯೇ ಚಿತ್ರ ಹೊರಗೆ ಬಿಡುತ್ತೇನೆ.

ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ನ ಹೊಳಪು 0ಯಿಂದ 255ರೊಳಗಿನ ಒಂದು ಸಂಖ್ಯೆ. ಅದರ ಕೊನೆಯ ಬಿಟ್‌ನಲ್ಲಿ (ಬೆಲೆಯನ್ನು ಒಂದರಷ್ಟೇ ಬದಲಿಸುವ ಅಂಕಿಯಲ್ಲಿ) ಗುರುತು ಬಚ್ಚಿಡುವುದು ಸುಲಭ, ಆದರೆ ಜೆಪೆಗ್ ಆಗಿ ಉಳಿಸಿದೊಡನೆ ಹಾಳಾಗುತ್ತದೆ. ನಾನು ನೆಚ್ಚಿರುವುದು ಸಂಶೋಧಕ ಇಂಗೆಮಾರ್ ಕಾಕ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ವಿಧಾನದ ಜಾಡನ್ನು: ಗುಟ್ಟಿನ ಕೀಲಿಯೊಂದರಿಂದ ಹುಟ್ಟಿದ ಸಂಖ್ಯಾಸರಣಿಯನ್ನು ಚಿತ್ರದ ತುಂಬ ತೆಳುವಾಗಿ ಹರಡುವುದು.

ಹೋಂಸ್ಟೇ ಒಂದರ ಜಾಹೀರಾತಿನಲ್ಲಿ ನನ್ನ ಕಾಫಿ ಹೂವಿನ ಚಿತ್ರ ಕಂಡಾಗ ಈ ವಿಧಾನ ಪರೀಕ್ಷೆಗೆ ಒಳಗಾಯಿತು. ಹೆಚ್ಚು ಸಮಯ ಹಿಡಿದದ್ದು ಹೊಂದಿಸುವ ಕೆಲಸ. ಅವರು ಅಂಚು ಕತ್ತರಿಸಿ ಗಾತ್ರ ಕುಗ್ಗಿಸಿದ್ದರು. ಗುರುತು ಸೇರಿಸುವ ಮೊದಲಿನ ನನ್ನ ಮೂಲ ಚಿತ್ರದ ಮೇಲೆ ಗಿಡದ ಒಂದೊಂದು ಗೆಣ್ಣೂ ಕೂಡುವವರೆಗೆ ಅದನ್ನು ಹಿಗ್ಗಿಸಿ, ಸರಿಸಿ ಕೂರಿಸಿದೆ. ಒಂದೆರಡು ಪಿಕ್ಸೆಲ್ ಆಚೀಚೆಯಾದರೂ ಗುರುತು ಮಾತಾಡುವುದಿಲ್ಲ. ಬಳಿಕ ಬಣ್ಣ ಬಿಟ್ಟು ಬರೀ ಹೊಳಪಿನ ಸಂಖ್ಯೆಗಳಲ್ಲಿ ಮೂಲವನ್ನು ಕಳೆದು, ಉಳಿಕೆಯನ್ನು ನನ್ನ ಸರಣಿಯೊಂದಿಗೆ ಗುಣಿಸಿ ಕೂಡಿದೆ. ಗುರುತು ಇಲ್ಲದಿದ್ದರೆ ಮೊತ್ತ ಸೊನ್ನೆಯ ಆಸುಪಾಸಿನಲ್ಲಿ ತೂಗಾಡುತ್ತದೆ. ಇದ್ದರೆ ಎದ್ದು ನಿಲ್ಲುತ್ತದೆ.

ಎಷ್ಟು ಎದ್ದರೆ ನಂಬಬಹುದು? ಸಾವಿರ ಸುಳ್ಳು ಕೀಲಿಗಳಿಂದಲೂ ಇದೇ ಲೆಕ್ಕ ಮಾಡಿಸಿದೆ. ನನ್ನ ಕೀಲಿಯ ಮೊತ್ತ ಅವೆಲ್ಲವುಗಳಿಗಿಂತ ಬಹಳ ಮೇಲಿತ್ತು. ಈ ಹೋಲಿಕೆಯಿಲ್ಲದೆ ಯಾರ ಮೇಲೂ ಬೆರಳು ತೋರಿಸಬಾರದು ಎಂಬುದು ನನ್ನ ಖಚಿತ ನಿಲುವು. ಅಂದಹಾಗೆ, ಎಐ ರಚಿಸಿದ ಚಿತ್ರಗಳಿಗೆ ಗೂಗಲ್ ಸೇರಿಸುವ ಸಿಂಥ್‌ಐಡಿಯಂತಹ ಗುರುತುಗಳು ಈ ದಾರಿಯಲ್ಲಿ ಸಿಗುವುದಿಲ್ಲ. ಅವಕ್ಕೆ ಅವುಗಳದೇ ಪತ್ತೆ ಸಾಧನ ಬೇಕು.

ಚಿತ್ರವನ್ನು ಭಾಗಭಾಗವಾಗಿ ಅಳೆದಾಗ ಕಂಡದ್ದು ನನಗೆ ಬಹಳ ಹಿಡಿಸಿತು. ಹೂಗೊಂಚಲು, ಎಲೆಯ ನರ, ನೆರಳುಮರದ ತೊಗಟೆ ಇರುವಲ್ಲಿ ಗುರುತು ಗಟ್ಟಿಯಾಗಿತ್ತು. ಹಿಂದಿನ ಮಂಜಿನಲ್ಲಿ ಏನೂ ಉಳಿದಿರಲಿಲ್ಲ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ನುಣುಪಾದ ಚೌಕಗಳಲ್ಲಿ ಸಣ್ಣ ಏರಿಳಿತಗಳು ಸೊನ್ನೆಯಾಗುತ್ತವೆ, ಅವುಗಳ ಜೊತೆಗೆ ಗುರುತೂ ಹೋಗುತ್ತದೆ.

ಹೋಂಸ್ಟೇ ಮಾಲೀಕರಿಗೆ ಲೆಕ್ಕದ ನಕ್ಷೆಯ ಜೊತೆಗೆ ಕ್ಯಾಮೆರಾದ ರಾ ಫೈಲನ್ನೂ (ಕ್ಯಾಮೆರಾ ದಾಖಲಿಸಿದ ಕಚ್ಚಾ ಮೂಲ) ತೋರಿಸಿದೆ; ಅವರು ಜಾಹೀರಾತಿನಿಂದ ಚಿತ್ರವನ್ನು ತೆಗೆದುಹಾಕಿದರು. ಮಾಂದಲಪಟ್ಟಿಗೆ ಹೋದಾಗ ಈಗ ಚೌಕಟ್ಟಿನ ಕೆಳಭಾಗದಲ್ಲಿ ಒಂದಿಷ್ಟು ಹುಲ್ಲು, ಕಲ್ಲು ಬರುವಂತೆ ನೋಡಿಕೊಳ್ಳುತ್ತೇನೆ. ಗುರುತು ನಿಲ್ಲುವುದು ಅಲ್ಲಿಯೇ.